ಕೊಡಗಿನ ‘ಇಮ್ಯುನಿಟಿ’ ಕಪಾಟು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಕುಶಾಲನಗರದಿಂದ ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಹೋಗುವ ದಾರಿಯಲ್ಲಿ ಸ್ಪೈಸಸ್ ಅಂಗಡಿಗಳಿಗೆ ಲೆಕ್ಕವಿಲ್ಲ. ಕಾಫಿಪುಡಿ, ಏಲಕ್ಕಿ, ಜೇನು, ಹೋಮ್ ಮೇಡ್ ಚಾಕೊಲೇಟು ಹಿಂದಿನಿಂದಲೂ ಇದ್ದ ಸರಕು. ಕೊರೊನಾ ಬಂದು ಹೋದ ಮೇಲೆ ಒಂದು ಕಪಾಟು ರೋಗನಿರೋಧಕ ಶಕ್ತಿಯ ಹೆಸರಿಗೇ ಬಿದ್ದಿದೆ: ಕಷಾಯಪುಡಿ, ಜೇನಿನಲ್ಲಿ ನೆನೆಸಿದ ನೆಲ್ಲಿಕಾಯಿ, ಅರಿಶಿನ–ಮೆಣಸಿನ ಮಿಶ್ರಣ, ಒಣಗಿಸಿದ ಮದ್ದುಸೊಪ್ಪಿನ ಪುಡಿ, ಕೋಕಂ ಸಿರಪ್, ಇದೆಲ್ಲ ಸೇರಿಸಿ ರಿಬ್ಬನ್ ಕಟ್ಟಿದ ಗಿಫ್ಟ್ ಬುಟ್ಟಿ. ಸರಕು ಎಲ್ಲ ಅಂಗಡಿಯಲ್ಲೂ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಇಲ್ಲಿ ಅಂಗಡಿಯ ಹೆಸರು ಬೇಕಿಲ್ಲ, ವಿಮರ್ಶೆ ಕಪಾಟಿನದು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಡೀ ಕಾಳುಮೆಣಸು, ಇಡೀ ಅರಿಶಿನ ಕೊಂಬು, ಕಾಚಂಪುಳಿ (ಹಣ್ಣಿನ ರಸ ಬತ್ತಿಸಿ ಮಾಡುವ ಕೊಡಗಿನ ಕಪ್ಪು ಹುಳಿ) ಕೊಳ್ಳಿ. ಜೇನು ನೋಡಿ ಕೊಳ್ಳಿ. ಪುಡಿ ಮಾಡಿ, ಬೆರೆಸಿ, ಪೊಟ್ಟಣ ಕಟ್ಟಿ ‘ಇಮ್ಯುನಿಟಿ’ ಎಂದು ಬರೆದ ಯಾವುದನ್ನೂ ಕೊಳ್ಳಬೇಡಿ. ಬುಟ್ಟಿಯಂತೂ ಬೇಡವೇ ಬೇಡ, ಅದರಲ್ಲಿ ದುಡ್ಡು ಹೋಗುವುದು ಬಿದಿರು ಹೆಣಿಗೆಗೆ ಮತ್ತು ಪ್ಲಾಸ್ಟಿಕ್ ಹಾಳೆಗೆ.

ಕಾರಣ ಸರಳ. ಊಟದಲ್ಲಿ ಪ್ರೋಟೀನು, ಸತು, ಕಬ್ಬಿಣ, ಎ, ಸಿ, ಡಿ ವಿಟಮಿನ್ನುಗಳು ಕಡಿಮೆಯಾದರೆ ದೇಹದ ರಕ್ಷಣೆ ಸೊರಗುತ್ತದೆ, ಆ ಕೊರತೆಯನ್ನು ಊಟ ತುಂಬಬಲ್ಲದು. ಕೊರತೆಯೇ ಇಲ್ಲದವರಿಗೆ ಇನ್ನೊಂದು ಚಮಚ ಪುಡಿ ಸುರಿದರೆ ಶಕ್ತಿ ದುಪ್ಪಟ್ಟಾಗುವುದಿಲ್ಲ. ವಿಟಮಿನ್ ಸಿ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಶ್ಲೇಷಣೆಯೂ ಇದನ್ನೇ ಹೇಳುತ್ತದೆ: ದಿನಾ 200 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡವರಿಗೂ ನೆಗಡಿ ಬರುವುದು ತಪ್ಪಲಿಲ್ಲ, ಬಂದದ್ದು ದೊಡ್ಡವರಲ್ಲಿ ಸುಮಾರು ಶೇ. 8ರಷ್ಟು ಬೇಗ ವಾಸಿಯಾಯಿತು, ಅಷ್ಟೆ. ನೆಗಡಿ ಶುರುವಾದ ಮೇಲೆ ನುಂಗಲು ಆರಂಭಿಸಿದವರಿಗೆ ಆ ಲಾಭವೂ ಖಚಿತವಾಗಿ ಕಾಣಲಿಲ್ಲ.

ಈಗ ಜೇನು. ಕೌಂಟರಿನವರು ನಗುನಗುತ್ತಲೇ ಪರೀಕ್ಷೆ ಮಾಡಿ ತೋರಿಸುತ್ತಾರೆ: ನೀರಿನ ಲೋಟಕ್ಕೆ ಒಂದು ಹನಿ ಬಿಟ್ಟು ‘ನೋಡಿ ಸಾರ್, ಕರಗದೆ ತಳಕ್ಕೆ ಹೋಯ್ತು’ ಎನ್ನುತ್ತಾರೆ, ಇಲ್ಲವೇ ಬೆಂಕಿಕಡ್ಡಿಗೆ ಹಚ್ಚಿ ಗೀರುತ್ತಾರೆ. ಇದರಿಂದ ಗೊತ್ತಾಗುವುದು ಜೇನು ಗಟ್ಟಿಯಿದೆ, ನೀರಿನಂಶ ಕಡಿಮೆಯಿದೆ ಎಂದಷ್ಟೇ. ಗಟ್ಟಿಯಾದ ಸಕ್ಕರೆಪಾಕವೂ ತಳಕ್ಕೇ ಹೋಗುತ್ತದೆ, ಅದನ್ನು ಹಚ್ಚಿದ ಕಡ್ಡಿಯೂ ಹೊತ್ತುತ್ತದೆ. 2020ರ ಡಿಸೆಂಬರಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್ ಹೊರಹಾಕಿದ ತನಿಖೆಯಲ್ಲಿ, ಪಾಕ ಬೆರೆಸಿದ ಜೇನು ಪ್ರಯೋಗಾಲಯದ ಮಾಮೂಲಿ ಪರೀಕ್ಷೆಗಳನ್ನೇ ದಾಟಿಬಿಟ್ಟಿತ್ತು, ಸಿಕ್ಕಿಬಿದ್ದದ್ದು ಎನ್‌ಎಂಆರ್ ಎಂಬ ಇನ್ನೂ ಸೂಕ್ಷ್ಮವಾದ ಪರೀಕ್ಷೆಯಲ್ಲಿ. ಲೋಟದ ನೀರು ಯಾವ ಲೆಕ್ಕ?

ಹಾಗಾದರೆ ಏನು ನೋಡಬೇಕು? ಮೊದಲು ಕಾಲ. ಕೊಡಗಿನಲ್ಲಿ ಬೇಸಿಗೆಯ ಹೂಮಳೆ ಬಿದ್ದು ಕಾಫಿ ಅರಳಿದ ಮೇಲೆ, ಕಾಡುಮರಗಳೂ ಹೂ ಬಿಟ್ಟು, ಮುಂಗಾರು ಹಿಡಿಯುವುದರೊಳಗೆ ಜೇನು ತೆಗೆಯುವುದು ವಾಡಿಕೆ. ಏಪ್ರಿಲ್‌ನಿಂದ ಜೂನ್ ಆರಂಭದವರೆಗಿನ ತಾರೀಖು ಬಾಟಲಿಯ ಮೇಲಿದ್ದರೆ ನಂಬಲು ಒಂದು ಕಾರಣ ಸಿಕ್ಕಿತು. ಎರಡನೆಯದು, ಯಾವ ಜೇನು ಎಂದು ಕೇಳಿ. ಪೆಟ್ಟಿಗೆಯಲ್ಲಿ ಸಾಕುವ ತುಡುವೆಯದೋ, ಎತ್ತರದ ಮರದಿಂದ ಇಳಿಸಿದ ಹೆಜ್ಜೇನಿನದೋ, ಕುಟುಕದ ಪುಟ್ಟ ಹುಳ ಮುಜಂಟಿಯದೋ? ಮುಜಂಟಿ ಹುಳಿಮಿಶ್ರಿತ, ತೆಳು, ಒಂದು ಗೂಡಿಗೆ ಸಿಗುವುದೇ ಸ್ವಲ್ಪ, ಆದ್ದರಿಂದ ದುಬಾರಿ. ಅದನ್ನೂ ಲೀಟರುಗಟ್ಟಲೆ ಸಾಲಾಗಿ ಇಟ್ಟಿದ್ದರೆ ಅನುಮಾನ ಪಡಬೇಕು. ‘ಎಲ್ಲಾ ಒಂದೇ, ಕಾಡುಜೇನು’ ಎಂಬ ಉತ್ತರ ಬಂದರೆ ಬಾಟಲಿ ಕೆಳಗಿಟ್ಟು ಹೊರಡಿ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಡಿದು ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದ ಜಿಲ್ಲೆ ಇದು. ಹೆದ್ದಾರಿಯ ಪ್ರತಿ ಅಂಗಡಿಯಲ್ಲೂ ವರ್ಷವಿಡೀ ಹೊರಳಾಡುವಷ್ಟು ಕೊಡಗಿನ ಜೇನು ಎಲ್ಲಿಂದ ಬರಬೇಕು? ಭಾಗಮಂಡಲ, ವಿರಾಜಪೇಟೆ ಕಡೆ ಜೇನು ಕೃಷಿಕರ ಸಹಕಾರ ಸಂಘಗಳಿವೆ, ಅಲ್ಲಿ ಕೇಳುವುದು ಇದಕ್ಕಿಂತ ಮೇಲು.

ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಎನ್ನುವುದು ತಪ್ಪು. ಗ್ಲೂಕೋಸ್ ಹೆಚ್ಚಿರುವ ಜೇನು ತಂಪಿಗೆ ಹರಳುಗಟ್ಟುತ್ತದೆ, ರಬ್ಬರ್ ತೋಟದ ಜೇನಂತೂ ಬಹು ಬೇಗ. ಬಾಟಲಿಯನ್ನು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ನಿಲ್ಲಿಸಿದರೆ ಕರಗುತ್ತದೆ, ಒಲೆಯ ಮೇಲೆ ಇಡಬೇಡಿ. ನಿಜವಾಗಿ ನೋಡಬೇಕಾದ ದೋಷ ಬೇರೆ. ಆಹಾರ ಸುರಕ್ಷತಾ ಮಾನದಂಡದ ಪ್ರಕಾರ ಜೇನಿನಲ್ಲಿ ನೀರು ಶೇ. 20 ಮೀರಬಾರದು, ಮಲೆನಾಡಿನ ತೇವಕ್ಕೆ ತುಡುವೆ ಜೇನು ಅದನ್ನು ಸುಲಭವಾಗಿ ಮೀರುತ್ತದೆ. ಮೀರಿದರೆ ಯೀಸ್ಟ್ ಎದ್ದು ಹುದುಗುತ್ತದೆ. ಮೇಲೆ ಬಿಳಿ ನೊರೆಯ ಉಂಗುರ, ಮುಚ್ಚಳ ತಿರುಗಿಸುವಾಗ ಸುಯ್ ಎಂಬ ಸದ್ದು, ಹುಳಿ ವಾಸನೆ ಇದ್ದರೆ ಅದು ಹುದುಗಿದ ಜೇನು. ಕಲಬೆರಕೆಯಲ್ಲ, ಆದರೂ ಹಾಳೇ.

ಜೇನಿನಲ್ಲಿ ಶೇ. 80ರಷ್ಟು ಸಕ್ಕರೆಯೇ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಕೊಟ್ಟರೆ ರಾತ್ರಿಯ ಕೆಮ್ಮು ಸ್ವಲ್ಪ ತಗ್ಗುತ್ತದೆ, ಅದಕ್ಕೆ ಆಧಾರವಿದೆ. ಒಂದು ವರ್ಷದ ಒಳಗಿನ ಮಗುವಿಗೆ ನಾಲಿಗೆಗೆ ಸವರುವುದೂ ಬೇಡ. ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣ ಶುದ್ಧ ಜೇನಿನಲ್ಲೂ ಇರಬಹುದು, ಎಳೆಗೂಸಿನ ಕರುಳಿಗೆ ಅದನ್ನು ತಡೆಯುವ ಶಕ್ತಿಯಿಲ್ಲ.

ಜೇನುನೆಲ್ಲಿಯನ್ನು ಮಿಠಾಯಿ ಎಂದುಕೊಂಡು ತಿನ್ನಿ, ಜಗಳವಿಲ್ಲ. ಲೇಬಲ್ಲಿನಲ್ಲಿ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಮೊದಲ ಎರಡು ಹೆಸರಿನಲ್ಲಿ ಸಕ್ಕರೆ ಇದ್ದರೆ ಅದು ಪಾಕದಲ್ಲಿ ಬೇಯಿಸಿ ಮೇಲೆ ಜೇನು ಸವರಿದ ನೆಲ್ಲಿಕಾಯಿ. ಬೇಯಿಸಿದಾಗ ವಿಟಮಿನ್ ಸಿ ಒಂದಿಷ್ಟು ಹೋಗಿರುತ್ತದೆ.

ಅರಿಶಿನ–ಮೆಣಸು ಮಿಶ್ರಣದ ಡಬ್ಬಿಯ ಮೇಲೆ ‘20 ಪಟ್ಟು ಹೀರಿಕೆ’ ಎಂದು ಅಚ್ಚಾಗಿರುತ್ತದೆ. ಆ ಅಂಕಿ ಸುಳ್ಳಲ್ಲ, ನಮ್ಮದೇ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಬಂದದ್ದು. ಆದರೆ ಅಲ್ಲಿ ಕೊಟ್ಟದ್ದು ಅರಿಶಿನದ ಸತ್ವವಾದ ಕರ್ಕ್ಯುಮಿನ್, ಶುದ್ಧವಾಗಿ 2 ಗ್ರಾಂ, ಜೊತೆಗೆ ಮೆಣಸಿನ ಸತ್ವವಾದ ಪೈಪರಿನ್ 20 ಮಿಲಿಗ್ರಾಂ. ಅರಿಶಿನದಲ್ಲಿ ಕರ್ಕ್ಯುಮಿನ್ ಶೇ. 3ರ ಆಸುಪಾಸು, ಹಾಗಾಗಿ 2 ಗ್ರಾಂ ಬೇಕೆಂದರೆ ಅರುವತ್ತು ಗ್ರಾಂಗೂ ಮಿಕ್ಕಿದ ಅರಿಶಿನ ತಿನ್ನಬೇಕು. ಹಾಲಿಗೆ ಹಾಕುವ ಕಾಲು ಚಮಚದಲ್ಲಿ ಸಿಗುವುದು 20 ಮಿಲಿಗ್ರಾಂ ಅಷ್ಟೆ. ಮೆಣಸಿನ ಲೆಕ್ಕ ಮಾತ್ರ ಸುಲಭ, ಎಂಟು–ಹತ್ತು ಕಾಳಿನಲ್ಲೇ 20 ಮಿಲಿಗ್ರಾಂ ಪೈಪರಿನ್ ಬಂದುಬಿಡುತ್ತದೆ. ಅಡುಗೆಯ ಪ್ರಮಾಣದಲ್ಲಿ ಎರಡೂ ಒಳ್ಳೆಯವೇ. ಹೆಚ್ಚಿನ ಪ್ರಮಾಣದ ಅರಿಶಿನ–ಪೈಪರಿನ್ ಮಾತ್ರೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ, ಆ ದಾರಿಗೆ ಹೋಗಬೇಡಿ.

ಕೊಳ್ಳುವುದಾದರೆ ಇಡಿಯಾಗಿ ಕೊಳ್ಳಿ. ಅರಿಶಿನ ಕೊಂಬನ್ನು ಒಂದು ಲೋಟ ನೀರಿಗೆ ಹಾಕಿದ ತಕ್ಷಣ ಹಳದಿ ಗೆರೆಗಳು ಇಳಿಯತೊಡಗಿದರೆ ಅದು ಸೀಸದ ಬಣ್ಣ ಹಚ್ಚಿದ್ದು. ಮುರಿದರೆ ಒಳಗೆ ಕಿತ್ತಳೆ ಛಾಯೆ ಇರಬೇಕು. ಕಾಳುಮೆಣಸನ್ನೂ ನೀರಿಗೆ ಹಾಕಿ: ತುಂಬಿದ ಕಾಳು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಜೊಳ್ಳು ಮೆಣಸೂ ತೇಲುವುದರಿಂದ ತೇಲಿದ್ದನ್ನು ಎತ್ತಿ ನೋಡಬೇಕು. ಪಪ್ಪಾಯಿ ಬೀಜ ಮೊಟ್ಟೆಯಾಕಾರ, ಹಸಿರುಮಿಶ್ರಿತ ಕಂದು, ಕಚ್ಚಿದರೆ ಮೆಣಸಿನ ಖಾರವಿಲ್ಲ. ಅಂಗೈಗೆ ಎಣ್ಣೆ ಅಂಟಿಸುವ, ಮಿರಮಿರ ಮಿಂಚುವ ಮೆಣಸು ಬೇಡ. ತೋಟದವರು ಒಣಗಿಸಿದ ಮೆಣಸು ಮಂಕಾಗಿಯೇ ಇರುತ್ತದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸರಕು ಅದು.

ಕಷಾಯಪುಡಿಯ ಮೇಲೆ ಸಿಟ್ಟು ಬರುವುದು ಅದರ ಬೆಲೆಗೆ. ಪೊಟ್ಟಣದಲ್ಲಿ ಮುಕ್ಕಾಲು ಪಾಲು ಧನಿಯಾ, ಕೆಲವದರಲ್ಲಿ ಬೆಲ್ಲದ ಪುಡಿ. ಮಿಕ್ಕದ್ದರಲ್ಲಿ ಅಮೃತಬಳ್ಳಿ, ಅಶ್ವಗಂಧ, ಜ್ಯೇಷ್ಠಮಧು ಎಂದಿರುತ್ತದೆ, ಎಷ್ಟೆಷ್ಟು ಎಂದಿರುವುದಿಲ್ಲ. ಜ್ಯೇಷ್ಠಮಧು ದಿನಾ ಕುಡಿದರೆ ಬಿಪಿ ಏರುತ್ತದೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ತೊಂದರೆಯಾದವರ ವರದಿಗಳು ಮುಂಬೈ ಸೇರಿ ಹಲವು ಕಡೆಯಿಂದ ಬಂದವು. ಬಿಪಿ, ಸಕ್ಕರೆ, ಥೈರಾಯಿಡ್ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳದೆ ಇಂಥ ಮಿಶ್ರಣ ಮುಟ್ಟಬಾರದು.

ಮನೆಯಲ್ಲೇ ಮಾಡಿಕೊಳ್ಳಿ. ಧನಿಯಾ 100 ಗ್ರಾಂ, ಜೀರಿಗೆ 50, ಕಾಳುಮೆಣಸು 25, ಒಣಶುಂಠಿ 20, ಮೆಂತ್ಯ 10, ಏಲಕ್ಕಿ ಆರೇಳು. ಸಣ್ಣ ಉರಿಯಲ್ಲಿ ಒಂದೊಂದನ್ನೇ ಹುರಿಯಬೇಕು. ಒಟ್ಟಿಗೆ ಸುರಿದರೆ ಧನಿಯಾ ಹದಕ್ಕೆ ಬರುವಷ್ಟರಲ್ಲಿ ಜೀರಿಗೆ ಕರಕಲಾಗಿ ಪುಡಿಯೆಲ್ಲ ಕಹಿ. ಒಣಶುಂಠಿಯನ್ನು ಜಜ್ಜಿ ಬೆಚ್ಚಗೆ ಮಾಡಿದರೆ ಸಾಕು. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಿರುವಾಗಲೇ ಮಿಕ್ಸಿಗೆ ಹಾಕಿದರೆ ಹಬೆ ಕಟ್ಟಿ ಗಂಟಾಗುತ್ತದೆ, ಮಡಿಕೇರಿಯ ಆಟಿ ಮಳೆಯಲ್ಲಿ ಆ ಗಂಟಿಗೆ ವಾರದಲ್ಲಿ ಬೂಷ್ಟು. ಬೂಷ್ಟು ಬಂದ ಪುಡಿಯನ್ನು ಮತ್ತೆ ಹುರಿದು ಬಳಸುವುದು ಬೇಡ, ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಎರಡು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಒಂದು ಲೋಟಕ್ಕೆ ಇಳಿಸಿ, ಸೋಸಿ, ಬೆಲ್ಲ, ಹಾಲು. ಹಸಿಶುಂಠಿ ಹಾಕುವವರು ಅದನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿದ ಮೇಲೆಯೇ ಹಾಲು ಬೆರೆಸಬೇಕು, ಹಸಿಯದರಲ್ಲಿರುವ ಕಿಣ್ವ ಹಾಲನ್ನು ಒಡೆಸುತ್ತದೆ. ಗಂಟಲಿಗೆ ಹಿತ, ಮಳೆಗಾಲದ ಸಂಜೆಗೆ ಸೊಗಸು. ಇದಕ್ಕಿಂತ ದೊಡ್ಡ ಬಿರುದು ಕಷಾಯಕ್ಕೆ ಬೇಕಿಲ್ಲ.

ಮದ್ದುಸೊಪ್ಪಿನ ಒಣಪುಡಿ ಕೊಡಗು ನೋಡಲು ಬಂದವರಿಗಾಗಿ ಇಟ್ಟದ್ದು. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರಕ್ಕೆ, ಈ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂಬುದು ಕೊಡವರ ನಂಬಿಕೆ. ಆ ದಿನ ಮನೆಮನೆಯಲ್ಲಿ ಮದ್ದುಪುಟ್ಟು, ಮದ್ದು ಪಾಯಸ. ತಾಜಾ ಸೊಪ್ಪನ್ನು ದಂಟಿನ ಸಮೇತ ತೊಳೆದು, ಮುಳುಗುವಷ್ಟು ನೀರು ಹಾಕಿ ಕುದಿಸಿದಾಗ ನೀರು ಕಡು ನೇರಳೆಗೆ ತಿರುಗಿ ಘಮ ಏಳುತ್ತದೆ. ಸೋಸಿದ ಆ ರಸದಲ್ಲೇ ಅಕ್ಕಿ ಬೇಯಬೇಕು, ಆಮೇಲೆ ಬೆಲ್ಲ, ಕಾಯಿಹಾಲು. ಒಣಪುಡಿಯಲ್ಲಿ ಬಣ್ಣವೂ ಪೇಲವ, ಘಮವೂ ಇಲ್ಲ. ತಾಜಾ ಸೊಪ್ಪು ತಿಂದ ಮರುದಿನ ಮೂತ್ರ ಕೆಂಪಾಗುವುದು ಮಾಮೂಲು, ಮೊದಲ ಸಲ ತಿನ್ನುವ ನೆಂಟರಿಗೆ ಹೇಳಿಟ್ಟಿರಿ. ಅದೇ ಕಾಲದ ಕಣಿಲೆಯನ್ನು ಮಾತ್ರ ಹಸಿಯಾಗಿ ‘ಆರೋಗ್ಯಕ್ಕೆ’ ಎಂದು ಸಲಾಡಿಗೆ ಹಾಕುವ ಹೊಸ ಚಾಳಿ ಅಪಾಯದ್ದು. ಎಳೆ ಬಿದಿರಿನಲ್ಲಿ ಸೈನೈಡ್ ಬಿಡುವ ಅಂಶವಿದೆ. ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು–ಮೂರು ದಿನ ನೆನೆಸಿ, ಆಮೇಲೆ ಕುದಿಸಿ ಆ ನೀರನ್ನೂ ಚೆಲ್ಲಬೇಕು.

ಕಾಚಂಪುಳಿಗೆ ಪೂರ್ತಿ ಅಂಕ, ಆದರೆ ಇಮ್ಯುನಿಟಿಗಲ್ಲ, ಅಡುಗೆಗೆ. ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಕಪ್ಪಾಗಿಸಿದ ಮೇಲೆ ಅದರಲ್ಲಿ ವಿಟಮಿನ್ ಸಿ ಹುಡುಕುವುದು ವ್ಯರ್ಥ. ಬಾಟಲಿ ಓರೆ ಮಾಡಿದರೆ ಅಸಲಿಯದು ಗಾಜಿಗೆ ಅಂಟಿಕೊಂಡು ನಿಧಾನ ಇಳಿಯುತ್ತದೆ, ಹೊಗೆಯ ವಾಸನೆ ಇರುತ್ತದೆ, ಸಿಹಿ ಇರುವುದಿಲ್ಲ. ಕಿಲೋ ಹಂದಿಮಾಂಸಕ್ಕೆ ಒಂದು ದೊಡ್ಡ ಚಮಚ, ಒಲೆಯಿಂದ ಇಳಿಸುವ ಸ್ವಲ್ಪ ಮುಂಚೆ.

ನೆಲ್ಲಿಕಾಯಿ ವೈನು, ವೀಳ್ಯದೆಲೆ ವೈನು ಕುಡಿದರೆ ನಿರೋಧಕ ಶಕ್ತಿ ಬರುತ್ತದೆ ಎಂದು ಹೇಳಿದರೆ ನಕ್ಕು ಮುಂದೆ ಹೋಗಿ.

ಈ ಕಪಾಟಿನಲ್ಲಿ ಇಲ್ಲದ್ದೇ ಹೆಚ್ಚು ಕೆಲಸದ್ದು, ಅದು ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ದಿನಕ್ಕೆ ಬೇಕಾದ ವಿಟಮಿನ್ ಸಿ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65. ನೂರು ಗ್ರಾಂ ಸೀಬೆಯಲ್ಲಿ 200ಕ್ಕೂ ಹೆಚ್ಚಿದೆ, ಅರ್ಧ ಹಣ್ಣು ಸಾಕು. ಚಳಿಗಾಲದಲ್ಲಿ ಹಸಿ ನೆಲ್ಲಿಕಾಯಿ ಒಂದು. ನುಗ್ಗೆಸೊಪ್ಪು, ಬಸಳೆ, ಮೊಳಕೆ ಕಟ್ಟಿದ ಹೆಸರುಕಾಳು, ನಾಟಿಕೋಳಿ ಮೊಟ್ಟೆ, ಹೊಳೆಮೀನು. ಮೊಳಕೆಕಾಳನ್ನು ಮಳೆಗಾಲದಲ್ಲಿ ಹಸಿ ತಿನ್ನದೆ ಐದು ನಿಮಿಷ ಹಬೆಯಲ್ಲಿ ಬೇಯಿಸಿ, ತೇವದಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಕೈಪುಳಿ (ಕೊಡಗಿನ ಹುಳಿ ಕಿತ್ತಳೆ) ಸಿಕ್ಕರೆ ಅದರ ರಸವನ್ನು ಪಲ್ಯ ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಹುಳಿ ಸೇರಿದರೆ ಸೊಪ್ಪಿನ ಕಬ್ಬಿಣ ದೇಹಕ್ಕೆ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ ಕುಡಿದರೆ ಅದೇ ಕಬ್ಬಿಣ ಹತ್ತುವುದು ಕಡಿಮೆಯಾಗುತ್ತದೆ, ಒಂದು ಗಂಟೆ ತಡೆಯಿರಿ. ಕೊಡಗಿನಲ್ಲಿ ಇದು ಕಷ್ಟದ ಮಾತು ಎಂಬುದು ಗೊತ್ತು.

ಅಂಗಡಿಗೇ ಹೋಗುವುದಾದರೆ ಪೊಟ್ಟಣದ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ತಯಾರಿಸಿದ ತಾರೀಖು, ತಯಾರಕರ ಪೂರ್ತಿ ವಿಳಾಸ ಇವೆಯೇ ನೋಡಿ. ವಿಳಾಸ ಬೇರೆ ರಾಜ್ಯದ್ದಾಗಿದ್ದು ಮುಂದೆ ಮಾತ್ರ ‘ಕೂರ್ಗ್’ ಎಂದಿರುವ ಪೊಟ್ಟಣಗಳು ಕಡಿಮೆಯಿಲ್ಲ. ಬಿಲ್ಲು ಕೇಳಿ ಪಡೆಯಿರಿ, ಬಿಲ್ಲಿಲ್ಲದೆ ದೂರು ನಿಲ್ಲುವುದು ಕಷ್ಟ.