ಎಸ್‌ಎಂಇ ಷೇರು ಕೊಳ್ಳೋದು ಸುಲಭ, ಮಾರೋಕೆ ಹೋಗಿ ನೋಡಿ

ಎಸ್‌ಎಂಇ, ಅಂದರೆ ಸಣ್ಣ-ಮಧ್ಯಮ ಕಂಪನಿಗಳ ಷೇರು ಕೊಳ್ಳಲು ಹೊರಟವರು, ಅದರಲ್ಲೂ ಷೇರುಪೇಟೆಯಲ್ಲಿ ಲಿಸ್ಟ್ ಆದ ಮೇಲೆ ಏರುತ್ತಿದೆ ಅಂತ ಕೈ ಹಾಕುವವರು, ಸ್ವಲ್ಪ ನಿಂತು ಇದನ್ನು ಓದಿ. ಬಿಎಸ್‌ಇ ಎಸ್‌ಎಂಇ, ಎನ್‌ಎಸ್‌ಇ ಎಮರ್ಜ್ ಅನ್ನುವ, ಈ ಷೇರುಗಳ ವಹಿವಾಟಿನ ವೇದಿಕೆಗಳೆರಡೂ 2012ರಲ್ಲಿ ಶುರುವಾದವು. ಸಣ್ಣ ಕಂಪನಿಗಳಿಗೆ ಬಂಡವಾಳ ಸಿಗಲಿ ಅನ್ನುವ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ.

ನಾನು ಕೊಂಡಿದ್ದು ಒಂದು ಸಾಫ್ಟ್‌ವೇರ್ ಕಂಪನಿ. ಹೆಸರು ಬೇಡ. ಐಪಿಒ (ಮೊದಲ ಸಲ ಜನರಿಗೆ ಷೇರು ಮಾರುವ) ಬೆಲೆ 96 ರೂಪಾಯಿ, ಲಿಸ್ಟ್ ಆದ ದಿನ 170. ಬ್ರೋಕರ್ ಆಫೀಸಿನ ಹುಡುಗ ಫೋನ್ ಮಾಡಿ, "ಸರ್, ಎಐ ಕಂಪನಿ, ಈ ರೇಟು ಮತ್ತೆ ಸಿಗಲ್ಲ" ಎಂದ. ಇಲ್ಲಿ ಹತ್ತು ಷೇರು ಕೊಂಡು ನೋಡೋಣ ಅಂದರೆ ಆಗುವುದಿಲ್ಲ, ಎಲ್ಲವೂ ಲಾಟ್ ಲೆಕ್ಕ. ಒಂದು ಲಾಟ್‌ಗೆ 1,200 ಷೇರು, 2,04,000 ರೂಪಾಯಿ. ಮಾರುವಾಗಲೂ ಅಷ್ಟನ್ನೂ ಒಟ್ಟಿಗೇ ಮಾರಬೇಕು. (2025ರಿಂದ ಐಪಿಒ ಅರ್ಜಿಗೇ ಕನಿಷ್ಠ ಎರಡು ಲಾಟ್ ಬೇಕು.)

ದೊಡ್ಡ ಕಂಪನಿಗಳು ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡುತ್ತವೆ. ಇಲ್ಲಿ ಆರು ತಿಂಗಳು ಕಾಯಬೇಕು. ಕೊನೆಗೂ ಫಲಿತಾಂಶ ಬಂದಾಗ ಮಾರಾಟ ಜೋರಾಗಿಯೇ ಇತ್ತು, ಆದರೆ ಅದರಲ್ಲಿ ಬಹುಪಾಲು ದುಡ್ಡು ಇನ್ನೂ ಗ್ರಾಹಕರ ಬಳಿಯೇ ಬಾಕಿ. ಮರುದಿನ 9:15ಕ್ಕೆ ಸ್ಕ್ರೀನ್ ತೆಗೆದರೆ ಕೊಳ್ಳುವವರ ಕಡೆ ಐದೂ ಸಾಲು ಸೊನ್ನೆ. ಮಾರುವವರ ಕಡೆ ಲಾಟ್ ಮೇಲೆ ಲಾಟ್. ಶೇ 5ರ ಲೋವರ್ ಸರ್ಕ್ಯೂಟ್. ದಿನಕ್ಕೆ ಅದಕ್ಕಿಂತ ಜಾಸ್ತಿ ಇಳಿಯಲ್ಲ ಅಂದರೆ ಒಳ್ಳೆಯದೇ ಅನಿಸುತ್ತೆ, ಅಲ್ವಾ? ಕೊಳ್ಳುವವನೇ ಇಲ್ಲದಿದ್ದರೆ ಇಳಿಯೋದನ್ನ ಸುಮ್ನೆ ನೋಡ್ತಾ ಕೂರಬೇಕು. ದಿನಾ ಬೆಳಗ್ಗೆ ಆರ್ಡರ್ ಹಾಕೋದು, ಸಂಜೆ ಅದು ರದ್ದಾಗೋದು. ಕೊನೆಗೆ 84ಕ್ಕೆ ಹೋಯಿತು. ಲಕ್ಷಕ್ಕೂ ಮೇಲೆ ಕೈಬಿಟ್ಟಿತು.

ಕೊಳ್ಳೋಕೂ ಮಾರೋಕೂ ಬೆಲೆ ಕೊಡುತ್ತಿರಬೇಕಾದ ಮಾರ್ಕೆಟ್ ಮೇಕರ್ ಇರುತ್ತಾರಲ್ಲ ಅಂತ ಕೇಳಬಹುದು. ಲಿಸ್ಟ್ ಆಗಿ ಮೂರು ವರ್ಷ ಅವರು ಇರಲೇಬೇಕು ನಿಜ. ಆದರೆ ಅವರ ಕೈಯಲ್ಲಿರುವ ಷೇರು ಒಂದು ಮಿತಿ ದಾಟಿದರೆ ಕೊಳ್ಳುವ ಬೆಲೆ ಕೊಡಬೇಕಾಗಿಲ್ಲ. ಎಲ್ಲರೂ ಮಾರಲು ಮುಗಿಬಿದ್ದಾಗ ಆ ಮಿತಿ ದಾಟಲು ಎಷ್ಟು ಹೊತ್ತು?

"ಸೆಬಿ ಪಾಸ್ ಮಾಡಿದೆ" ಅನ್ನುವ ಮಾತನ್ನೂ ನಂಬಬೇಡಿ. ಎಸ್‌ಎಂಇ ಐಪಿಒ ದಾಖಲೆ ಪರಿಶೀಲಿಸುವುದು ಷೇರುಪೇಟೆಯ ನಿಯಂತ್ರಕ ಸೆಬಿ ಅಲ್ಲ, ಎಕ್ಸ್‌ಚೇಂಜ್ (ಬಿಎಸ್‌ಇ ಅಥವಾ ಎನ್‌ಎಸ್‌ಇ). 2024ರ ಸೆಪ್ಟೆಂಬರ್‌ನಲ್ಲಿ ಟ್ರಾಫಿಕ್‌ಸೋಲ್ ಅನ್ನುವ ಟೆಕ್ ಕಂಪನಿಯ ಸುಮಾರು 45 ಕೋಟಿಯ ಐಪಿಒಗೆ ಮುನ್ನೂರಕ್ಕೂ ಜಾಸ್ತಿ ಪಟ್ಟು ಅರ್ಜಿ ಬಂತು. ಯಾರಿಂದ ಸಾಫ್ಟ್‌ವೇರ್ ಕೊಳ್ಳುತ್ತೇವೆ ಅಂದಿದ್ದರೋ ಆ ಸಂಸ್ಥೆಯ ಬಗ್ಗೆಯೇ ದೂರು ಬಂದು ಲಿಸ್ಟಿಂಗ್ ನಿಂತಿತು. ಡಿಸೆಂಬರ್‌ನಲ್ಲಿ ದುಡ್ಡು ವಾಪಸ್ ಕೊಡಿ ಅಂತ ಸೆಬಿ ಆದೇಶಿಸಿತು. ಲಿಸ್ಟ್ ಆಗುವ ಮೊದಲೇ ಸಿಕ್ಕಿಬಿದ್ದಿದ್ದರಿಂದ ದುಡ್ಡು ಹಾಕಿದವರು ಬಚಾವ್.

ಕೊಳ್ಳಲೇಬೇಕು ಅಂತಿದ್ದರೆ ಪ್ರಾಸ್ಪೆಕ್ಟಸ್‌ನಲ್ಲಿ (ಐಪಿಒ ವಿವರದ ದಾಖಲೆ) ನಗದು ಹರಿವಿನ ಪುಟ ತೆಗೆಯಿರಿ. ಲಾಭ ಏರುತ್ತಾ ಇದ್ದು, ವ್ಯವಹಾರದಿಂದ ಬಂದ ನಗದು ವರ್ಷವರ್ಷವೂ ಮೈನಸ್ ಇದ್ದರೆ ಅಲ್ಲಿಗೇ ಬಿಡಿ. ಲಿಸ್ಟ್ ಆಗಿರೋದಾದರೆ ನಿನ್ನೆ ಎಷ್ಟು ಲಾಟ್ ಕೈ ಬದಲಾಯಿತು ನೋಡಿ. ನಾಲ್ಕೈದು ಅಂತ ಇದ್ದರೆ, ನಿಮ್ಮದನ್ನು ಕೊಳ್ಳುವವರು ಯಾರು ಅಂತ ಆ ಫೋನ್ ಮಾಡಿದ ಹುಡುಗನನ್ನೇ ಕೇಳಿ.