ಬಾಡಿಗೆ ಮನೆ ಸೇವೆಯ ಐಡಿಯಾ: ನಾಲ್ಕು ದಾರಿಯಲ್ಲಿ ಪರೀಕ್ಷಿಸಿ ನೋಡಿದಾಗ

ಮನೆ ಮಾಲೀಕರು ಮತ್ತು ಬಾಡಿಗೆದಾರರ ನಡುವಿನ ವ್ಯವಹಾರವನ್ನು ಆನ್‌ಲೈನ್‌ಗೆ ತರಬೇಕು ಎಂಬ ಐಡಿಯಾ ಎಷ್ಟೋ ಜನಕ್ಕೆ ಹೊಳೆಯುತ್ತದೆ. ಬಾಡಿಗೆಗೆ ಇದ್ದವರಿಗೂ ಬಾಡಿಗೆಗೆ ಕೊಟ್ಟವರಿಗೂ ಒಂದಲ್ಲ ಒಂದು ಕಹಿ ಅನುಭವ ಆಗಿಯೇ ಇರುತ್ತದೆ. ನನ್ನ ತಲೆಯಲ್ಲಿದ್ದದ್ದು ಇಷ್ಟು: ಮನೆ ಹಿಡಿದ ದಿನದಿಂದ ಖಾಲಿ ಮಾಡುವ ದಿನದವರೆಗೆ ಬಾಡಿಗೆ ರಸೀದಿ, ರಿಪೇರಿ, ಅಡ್ವಾನ್ಸ್ ಲೆಕ್ಕ ಎಲ್ಲ ಒಂದೇ ಕಡೆ ಇರಬೇಕು, ಇಬ್ಬರಿಗೂ ಕಾಣಬೇಕು. ಕೋಡ್ ಬರೆಯಲು ಕೂರುವ ಮೊದಲು ಇದು ನಿಜವಾಗಿ ಯಾರಿಗೆ ಬೇಕು, ಯಾರು ದುಡ್ಡು ಕೊಡುತ್ತಾರೆ ಎಂದು ತಿಳಿಯಬೇಕಿತ್ತು. ಅದಕ್ಕೆ ಸಾಮಾನ್ಯವಾಗಿ ಹೇಳುವ ದಾರಿಗಳು ನಾಲ್ಕು: ಸರ್ವೆ, ಎದುರು ಕೂತು ಮಾತುಕತೆ, ಲ್ಯಾಂಡಿಂಗ್ ಪೇಜ್ (ಸೇವೆ ಕಟ್ಟುವ ಮೊದಲೇ ಅದನ್ನು ವಿವರಿಸಿ, ಬೇಕಾದವರು ಹೆಸರು ಕೊಡಿ ಎಂದು ಕೇಳುವ ವೆಬ್ ಪುಟ), ಆಮೇಲೆ ಆ್ಯಪ್ ಇಲ್ಲದೆ ಕೈಯಾರೆ ಸೇವೆ ನಡೆಸುವುದು. ನಾಲ್ಕನ್ನೂ ಮಾಡಿದೆ. ನಾಲ್ಕೂ ಒಂದೇ ಉತ್ತರ ಕೊಡಲಿಲ್ಲ. ಈ ಬಗೆಯ ಸೇವೆಗೆ ಕೈಯಾರೆ ನಡೆಸಿ ನೋಡುವುದನ್ನು ಬಿಟ್ಟು ಉಳಿದ ಯಾವುದರ ಮೇಲೂ ಪೂರ್ತಿ ಭಾರ ಹಾಕಬಾರದು ಎಂಬುದು ಈಗ ನನ್ನ ಗಟ್ಟಿ ಅಭಿಪ್ರಾಯ.

ಸರ್ವೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಸಂಜೆಯಲ್ಲಿ ಫಾರ್ಮ್ ಮಾಡಿ ಹಂಚಬಹುದು, ಖರ್ಚಿಲ್ಲ. ಆದರೆ "ರಿಪೇರಿ ವಿಷಯ ನೋಡಿಕೊಳ್ಳುವ ಆ್ಯಪ್ ಇದ್ದರೆ ಬಳಸುತ್ತೀರಾ?" ಎಂದು ಕೇಳಿದರೆ ಯಾರು ಬೇಡ ಅನ್ನುತ್ತಾರೆ? ಹೌದು ಅನ್ನುವುದಕ್ಕೆ ಏನೂ ಖರ್ಚಾಗುವುದಿಲ್ಲ. ಇನ್ನೊಂದು ತೊಡಕು, ಫಾರ್ಮ್ ತುಂಬಿದವರೆಲ್ಲ ಬಹುಪಾಲು ಬಾಡಿಗೆದಾರರೇ. ಓನರ್‌ಗಳು ಅದರ ಕಡೆ ತಲೆಯನ್ನೇ ಹಾಕಲಿಲ್ಲ. ಹೀಗಾಗಿ ಬಂದ ಉತ್ತರ ಅರ್ಧ ಮಾರುಕಟ್ಟೆಯದ್ದು. ಅದರಿಂದ ಸಿಕ್ಕ ಲಾಭ ಒಂದೇ: "ಕಳೆದ ಸಲ ಮನೆ ಬಿಡುವಾಗ ಏನಾಯಿತು, ಬರೆಯಿರಿ" ಎಂದು ಖಾಲಿ ಜಾಗ ಬಿಟ್ಟಿದ್ದೆ. ಅಲ್ಲಿ ಜನ ಉದ್ದುದ್ದ ಬರೆದರು, ಬರೆದದ್ದೆಲ್ಲ ಅಡ್ವಾನ್ಸ್ ವಾಪಸ್ ಬರದ ಕತೆಗಳೇ.

ಮಾತುಕತೆ ಇದಕ್ಕಿಂತ ಎಷ್ಟೋ ಮೇಲು, ಆದರೆ ಕೇಳುವ ರೀತಿ ಸರಿ ಇರಬೇಕು. ಮುಂದೆ ಏನು ಮಾಡುತ್ತೀರಿ ಎಂದು ಕೇಳಬಾರದು, ಹಿಂದೆ ಏನು ಮಾಡಿದಿರಿ ಎಂದು ಕೇಳಬೇಕು. ಕಳೆದ ಸಲ ನಲ್ಲಿ ಕೆಟ್ಟಾಗ ಮೊದಲು ಯಾರಿಗೆ ಫೋನ್ ಮಾಡಿದಿರಿ, ಎಷ್ಟು ದಿನ ಕಾದಿರಿ, ಕೊನೆಗೆ ದುಡ್ಡು ಯಾರ ಕೈಯಿಂದ ಹೋಯಿತು ಎಂದು. ಸಾಧ್ಯವಾದಲ್ಲೆಲ್ಲ ಒಂದೇ ಮನೆಯ ಮಾಲೀಕರನ್ನೂ ಬಾಡಿಗೆದಾರರನ್ನೂ ಬೇರೆ ಬೇರೆಯಾಗಿ ಮಾತನಾಡಿಸಿದೆ. ಯಾರಾದರೂ ಇಂಥ ಸೇವೆಗೆ ಕೈ ಹಾಕುವುದಿದ್ದರೆ ಈ ಒಂದು ಕೆಲಸವನ್ನಂತೂ ಮಾಡಲೇಬೇಕು. ಒಂದು ಮನೆಯಲ್ಲಿ ಸಿಂಕ್ ಕೆಳಗಿನ ಪೈಪ್ ಸೋರಿ ಕಬೋರ್ಡಿನ ತಳ ಉಬ್ಬಿಹೋಗಿತ್ತು. ಬಾಡಿಗೆದಾರರು ಹೇಳಿದ್ದು, "ಹೇಳಿ ಹೇಳಿ ಸಾಕಾಯಿತು, ಓನರ್ ಕಿವಿಗೇ ಹಾಕಿಕೊಳ್ಳಲಿಲ್ಲ." ಓನರ್ ಹೇಳಿದ್ದು, "ಕಬೋರ್ಡ್ ಹಾಳಾದ ಮೇಲೆ ಹೇಳಿದರು, ಮೊದಲೇ ಹೇಳಿದ್ದರೆ ವಾಷರ್ ಹಾಕಿ ಮುಗಿಸುತ್ತಿದ್ದೆ." ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಮೊದಲ ಸಲ ಹೇಳಿದ್ದು ಬಾಡಿಗೆ ಕೊಡುವಾಗ ಬಾಗಿಲಲ್ಲಿ ನಿಂತು, ಹತ್ತು ಮಾತಿನ ನಡುವೆ ಒಂದಾಗಿ. ಹೇಳಿದವರಿಗೆ ಅದು ದೂರು, ಕೇಳಿದವರಿಗೆ ಬರೀ ಮಾತು.

ಎರಡೂ ಕಡೆಯ ಭಯ ಬೇರೆ ಬೇರೆ ಎಂಬುದೂ ಮಾತುಕತೆಯಲ್ಲೇ ತಿಳಿಯಿತು. ಬಾಡಿಗೆದಾರರಿಗೆ ಅಡ್ವಾನ್ಸಿನ ಚಿಂತೆ. ಮಾಲೀಕರಿಗೆ ಬಾಡಿಗೆ ನಿಂತುಹೋದರೆ, ಮನೆ ಬಿಡದೆ ಕೂತರೆ ಎಂಬ ಚಿಂತೆ. ರಿಪೇರಿ ಖರ್ಚು ಅವರ ಮನಸ್ಸಿನಲ್ಲಿ ಅಷ್ಟು ದೊಡ್ಡದಲ್ಲ, ಹೊತ್ತಿಲ್ಲದ ಹೊತ್ತಿನಲ್ಲಿ ಬರುವ ಫೋನ್ ದೊಡ್ಡದು. ಒಬ್ಬರ ನೋವಿಗೆ ಇನ್ನೊಬ್ಬರು ದುಡ್ಡು ಕೊಡುವುದಿಲ್ಲ. ಹಾಗಿದ್ದ ಮೇಲೆ ಯಾರ ನೋವಿಗೆ ಯಾರು ಕೊಡುತ್ತಾರೆ? ಮಾತುಕತೆ ಇಲ್ಲಿಗೆ ನಿಲ್ಲುತ್ತದೆ. ಎಲ್ಲಿ ನೋಯುತ್ತದೆ ಎಂದು ತೋರಿಸುತ್ತದೆ, ಜೇಬಿಗೆ ಕೈ ಹೋಗುತ್ತದೆಯೇ ಎಂದು ತೋರಿಸುವುದಿಲ್ಲ.

ಜೇಬಿನ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂದು ಹೊಗಳಿಸಿಕೊಂಡದ್ದು ಲ್ಯಾಂಡಿಂಗ್ ಪೇಜ್. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ, ಸೋಶಿಯಲ್ ಮೀಡಿಯಾ ಪೋಸ್ಟ್‌ಗಳನ್ನು ಮೊದಲೇ ಬರೆದು ಸಮಯಕ್ಕೆ ಹೊಂದಿಸಿಡುವ ಸೇವೆ ಕೊಡುವ ಬಫರ್ ಎಂಬ ಕಂಪನಿಯದು. 2010ರಲ್ಲಿ ಅದರ ಸ್ಥಾಪಕರು ಮೊದಲು ಸೇವೆಯ ವಿವರ ಇರುವ ಪುಟವೊಂದನ್ನು ಹಾಕಿದರು, ಆಸಕ್ತಿ ಕಂಡ ಮೇಲೆ ನಡುವೆ ದರದ ಪುಟವೊಂದನ್ನು ಸೇರಿಸಿ, ದುಡ್ಡಿನ ಆಯ್ಕೆಯನ್ನು ಒತ್ತುವವರಿದ್ದಾರೆಯೇ ಎಂದು ನೋಡಿದರು. ಫೈಲ್‌ಗಳನ್ನು ಆನ್‌ಲೈನ್‌ನಲ್ಲಿ ಇಟ್ಟುಕೊಳ್ಳುವ ಸೇವೆಯಾದ ಡ್ರಾಪ್‌ಬಾಕ್ಸ್‌ನವರ ಡೆಮೊ ವೀಡಿಯೊ ಕತೆಯೂ ಪ್ರಸಿದ್ಧ. ಒಂದೇ ರಾತ್ರಿಯಲ್ಲಿ ಕಾಯುವವರ ಪಟ್ಟಿ 5,000ದಿಂದ 75,000ಕ್ಕೆ ಏರಿತು ಎಂದು ಅದರ ಸ್ಥಾಪಕರೇ ಹೇಳಿದ್ದಾರೆ. ನಾನೂ ಎರಡು ಪುಟ ಮಾಡಿದೆ, ಒಂದು ಮಾಲೀಕರಿಗೆ, ಒಂದು ಬಾಡಿಗೆದಾರರಿಗೆ. ವಿನ್ಯಾಸ ಒಂದೇ, ಮಾತು ಮಾತ್ರ ಬೇರೆ.

ಬಾಡಿಗೆದಾರರ ಕಡೆಯಿಂದ ಸೈನ್‌ಅಪ್ ಧಾರಾಳವಾಗಿ ಬಂತು, ಮಾಲೀಕರ ಕಡೆಯಿಂದ ಒಂದೊಂದೇ ತೊಟ್ಟಿಕ್ಕಿತು. ಇದನ್ನಷ್ಟೇ ನೋಡಿ ತೀರ್ಮಾನಿಸುವುದಾದರೆ ಬಾಡಿಗೆದಾರರ ಆ್ಯಪ್ ಕಟ್ಟಬೇಕಿತ್ತು. ಆದರೆ ಸೈನ್‌ಅಪ್ ಆದವರಿಗೆ ಫೋನ್ ಮಾಡುತ್ತ ಹೋದಾಗ ಬೇರೆಯೇ ಚಿತ್ರ ಕಂಡಿತು. ಹೆಚ್ಚಿನವರು ಮನೆ ಖಾಲಿ ಮಾಡುವ ಗಲಾಟೆಯ ನಟ್ಟನಡುವೆ ಇದ್ದರು. ಅವರಿಗೆ ಬೇಕಿದ್ದದ್ದು ಆ ವಾರದ ಜಗಳಕ್ಕೆ ಪರಿಹಾರ. ಅದು ಮುಗಿದರೆ ಮುಂದಿನ ಮನೆ ಬದಲಿಸುವವರೆಗೆ ಈ ಸೇವೆಯ ನೆನಪೂ ಇರುವುದಿಲ್ಲ. ದರದ ಪುಟ ಸೇರಿಸಿದ ಕೂಡಲೇ ಅವರ ಸಂಖ್ಯೆ ಕುಸಿಯಿತು. ಮಾಲೀಕರ ಸಂಖ್ಯೆ ಮಾತ್ರ ಹೆಚ್ಚೇನೂ ಇಳಿಯಲಿಲ್ಲ. ಬಂದಿದ್ದ ಕೆಲವೇ ಮಂದಿ ಒಂದಕ್ಕಿಂತ ಹೆಚ್ಚು ಮನೆ ಇದ್ದವರು, ಬಾಡಿಗೆದಾರರು ಬದಲಾದಾಗಲೆಲ್ಲ ಇದೇ ತಲೆನೋವು ಅನುಭವಿಸುವವರು.

ಸಣ್ಣ ಸಂಖ್ಯೆಗಳ ಬಗ್ಗೆ ಒಂದು ಮಾತು. 30 ಜನ ಪುಟ ನೋಡಿ ಒಬ್ಬರೂ ದುಡ್ಡಿನ ಬಟನ್ ಒತ್ತಲಿಲ್ಲ ಎಂದುಕೊಳ್ಳಿ. ಐಡಿಯಾ ಸತ್ತಿತು ಎಂದು ಅನ್ನಿಸುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸರಳ ಲೆಕ್ಕವಿದೆ: ಸೊನ್ನೆ ಬಂದಾಗ 3ನ್ನು ನೋಡಿದವರ ಸಂಖ್ಯೆಯಿಂದ ಭಾಗಿಸಿದರೆ, ಶೇ. 95ರ ಭರವಸೆಯಲ್ಲಿ ನಿಜವಾದ ಪ್ರಮಾಣದ ಮೇಲ್ಮಿತಿ ಸುಮಾರಾಗಿ ಸಿಗುತ್ತದೆ. 30 ಜನರಲ್ಲಿ ಸೊನ್ನೆ ಎಂದರೆ ನಿಜವಾದ ಪ್ರಮಾಣ ಶೇ. 10ರವರೆಗೂ ಇರಬಹುದು. 300 ಜನರಲ್ಲಿ ಸೊನ್ನೆ ಬಂದರೆ ಮಾತ್ರ ಅದು ಶೇ. 1ಕ್ಕೆ ಇಳಿಯುತ್ತದೆ. ಲ್ಯಾಂಡಿಂಗ್ ಪೇಜ್ ನಂಬುವವರು ಈ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡಿರಬೇಕು.

ಆದರೆ ಲ್ಯಾಂಡಿಂಗ್ ಪೇಜ್ ಇಲ್ಲಿ ಸೋಲುವುದಕ್ಕೆ ಮುಖ್ಯ ಕಾರಣ ಸಂಖ್ಯೆ ಚಿಕ್ಕದು ಎಂಬುದಲ್ಲ. ಡ್ರಾಪ್‌ಬಾಕ್ಸ್ ಒಬ್ಬರೇ ಕೂತು ಬಳಸಬಹುದಾದ ವಸ್ತು. ಪಟ್ಟಿಗೆ ಸೇರಿದ ಪ್ರತಿಯೊಬ್ಬರೂ ಒಬ್ಬ ಪೂರ್ಣ ಗ್ರಾಹಕ. ಬಾಡಿಗೆ ವ್ಯವಹಾರದಲ್ಲಿ ಗ್ರಾಹಕ ಎಂದರೆ ಒಂದು ಜೋಡಿ. ನನ್ನ ಎರಡೂ ಪುಟಗಳಲ್ಲಿ ಹೆಸರು ಕೊಟ್ಟವರಲ್ಲಿ ಒಂದೇ ಮನೆಯ ಮಾಲೀಕರೂ ಬಾಡಿಗೆದಾರರೂ ಒಟ್ಟಿಗೆ ಇದ್ದ ಉದಾಹರಣೆಯೇ ಇರಲಿಲ್ಲ. ಪಟ್ಟಿ ಎಷ್ಟೇ ಉದ್ದವಿದ್ದರೂ ಸೇವೆ ಶುರು ಮಾಡಬಹುದಾದ ಮನೆ ಒಂದೂ ಇಲ್ಲ!

ಈಗ ಕೈಯಾರೆ ನಡೆಸಿದ್ದು. ಜಾಪೋಸ್ ಕಂಪನಿ 1999ರಲ್ಲಿ ಶುರುವಾದಾಗ ಅದರ ಸ್ಥಾಪಕರ ಹತ್ತಿರ ಗೋದಾಮು ಇರಲಿಲ್ಲ. ಅಂಗಡಿಗೆ ಹೋಗಿ ಚಪ್ಪಲಿ ಬೂಟುಗಳ ಫೋಟೊ ತೆಗೆದು ವೆಬ್‌ಸೈಟಿಗೆ ಹಾಕಿ, ಆರ್ಡರ್ ಬಂದರೆ ಅದೇ ಅಂಗಡಿಯಲ್ಲಿ ಕೊಂಡು ಕಳಿಸುತ್ತಿದ್ದರು. ಅದೇ ರೀತಿ ಆ್ಯಪ್ ಬದಲು ವಾಟ್ಸ್‌ಆ್ಯಪ್, ಒಂದು ಸ್ಪ್ರೆಡ್‌ಶೀಟ್, ನನ್ನ ಫೋನ್ ಇಟ್ಟುಕೊಂಡು, ಜೋಡಿಯಾಗಿ ಒಪ್ಪಿದ ಮನೆಗಳಲ್ಲಿ ಮಾತ್ರ ಶುರು ಮಾಡಿದೆ. ಇಡೀ ಸೇವೆ ಕೊಡಲು ಹೋಗಲಿಲ್ಲ. ಎರಡೇ ಕೆಲಸ: ಮನೆಗೆ ಬರುವಾಗ ಮನೆಯ ಸ್ಥಿತಿ ದಾಖಲಿಸುವುದು, ರಿಪೇರಿ ಸುದ್ದಿ ದಾಟಿಸುವುದು.

ಮೊದಲನೆಯದರಲ್ಲಿ ಕಲಿತದ್ದು ಹೆಚ್ಚು. ಒಂದು ಮನೆಯಲ್ಲಿ ವಾಶ್ ಬೇಸಿನ್ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಇತ್ತು. ಬಾಡಿಗೆಗೆ ಬಂದ ಹುಡುಗಿ ಬಗ್ಗಿ ಫೋಟೊ ತೆಗೆಯುತ್ತಿದ್ದಂತೆ ಮಾಲೀಕರ ಮುಖ ಗಂಟಿಕ್ಕಿತು.

"ಇದನ್ನೆಲ್ಲ ಯಾಕಮ್ಮ ಫೋಟೊ ತೆಗೀತೀಯ? ಈಗಲೇ ತಕರಾರಾ?"

"ತಕರಾರಲ್ಲ ಅಂಕಲ್, ನಾಳೆ ಇದಕ್ಕಿಂತ ದೊಡ್ಡದಾದರೆ ನಾನೇ ಜವಾಬ್ದಾರಿ ಅಂತ ನಿಮಗೂ ಗೊತ್ತಿರಲಿ ಅಂತ."

ಆ ಒಂದು ಮಾತಿಗೆ ಅವರೇ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು, "ಅಳತೆ ಗೊತ್ತಾಗಲಿ, ಈಗ ತೆಗಿ" ಅಂದರು. ಫೋಟೊ ಎಂದರೆ ತಮ್ಮ ವಿರುದ್ಧದ ಸಾಕ್ಷಿ ಎಂದುಕೊಂಡಿದ್ದವರು ಅದು ತಮ್ಮ ಪರವೂ ಸಾಕ್ಷಿ ಎಂದು ಕಂಡುಕೊಂಡ ಕ್ಷಣ ಅದು. ಯಾವ ಸರ್ವೆಯಲ್ಲೂ, ಯಾವ ಪುಟದಲ್ಲೂ ಇದು ನನಗೆ ಸಿಗುತ್ತಿರಲಿಲ್ಲ. ಆಮೇಲೆ ಮಾಲೀಕರಿಗೆ ಸೇವೆಯನ್ನು ವಿವರಿಸುವಾಗ ನಾನು ಬಳಸಿದ್ದು ಆ ಹುಡುಗಿಯ ಮಾತನ್ನೇ.

ಫೋಟೊ ತೆಗೆಯುವ ಕ್ರಮವೂ ಅಲ್ಲೇ ಹುಟ್ಟಿತು. ಬರೀ ಹತ್ತಿರದ ಫೋಟೊ ಇದ್ದರೆ ಆ ಸೀಳು ಯಾವ ಕೋಣೆಯದ್ದು ಎಂದು ಎರಡು ವರ್ಷದ ನಂತರ ಹೇಳಲಾಗದು. ಬಾಗಿಲಲ್ಲಿ ನಿಂತು ಇಡೀ ಕೋಣೆ, ಆಮೇಲೆ ಆ ಗೋಡೆ, ಕೊನೆಗೆ ಆ ಕಲೆ ಅಥವಾ ಸೀಳು. ಇದೇ ಕ್ರಮದಲ್ಲಿ ಹೋದರೆ ಜಗಳಕ್ಕೆ ಜಾಗ ಉಳಿಯುವುದಿಲ್ಲ. ಯಾರು ಯಾರನ್ನು ಕರೆಯುತ್ತಾರೆ ಎಂಬುದೂ ಮುಖ್ಯವಾಯಿತು. ಬಾಡಿಗೆದಾರರು ಲಿಂಕ್ ಕಳಿಸಿದರೆ ಮಾಲೀಕರಿಗೆ ದೂರಿನ ವಾಸನೆ ಬಡಿಯುತ್ತದೆ. ಮಾಲೀಕರು ಕಳಿಸಿದರೆ ಬಾಡಿಗೆದಾರರು ಅಗ್ರಿಮೆಂಟಿನ ಜೊತೆಗಿನ ಇನ್ನೊಂದು ಕಾಗದ ಎಂದುಕೊಂಡು ಸಹಿ ಹಾಕುತ್ತಾರೆ. ದುಡ್ಡೂ ಮಾಲೀಕರ ಕಡೆಯಿಂದಲೇ ಬಂತು. ಮನೆ ಬದಲಿಸುವವರ ಕೈ ಆ ಹೊತ್ತಿಗೆ ಬರಿದಾಗಿರುತ್ತದೆ.

ರಿಪೇರಿಯ ಕತೆ ಬೇರೆ. ನಾನು ನಡುವೆ ಇದ್ದಷ್ಟು ದಿನ ಚೆನ್ನಾಗಿ ನಡೆಯಿತು: ಏನು ಕೆಟ್ಟಿದೆ, ಫೋಟೊ, ಅಂದಾಜು ಖರ್ಚು, ಮಾಡಿಸಲೇ ಬೇಡವೇ, ಇಷ್ಟೇ ಒಂದು ಸಂದೇಶದಲ್ಲಿ. ಆದರೆ ಕೈಯಾರೆ ನಡೆಸುವ ದಾರಿಯ ದೊಡ್ಡ ದೋಷ ಇಲ್ಲೇ ಇದೆ. ಕೆಲಸ ಮಾಡುತ್ತಿರುವುದು ಸೇವೆಯೋ, ಇಬ್ಬರನ್ನೂ ಸಮಾಧಾನವಾಗಿ ಮಾತನಾಡಿಸುವ ಮನುಷ್ಯನೋ ಎಂದು ಗೊತ್ತಾಗುವುದಿಲ್ಲ. ಅದಕ್ಕಾಗಿ ನಿಧಾನವಾಗಿ ನನ್ನನ್ನು ಹೊರಗೆ ತೆಗೆದೆ. ಫೋನ್ ಬದಲು ಸಂದೇಶ, ನನ್ನ ಮಾತಿನ ಬದಲು ಮೊದಲೇ ಬರೆದಿಟ್ಟ ವಾಕ್ಯಗಳು, ನನ್ನ ಹೆಸರಿನ ಬದಲು ಸೇವೆಯ ಹೆಸರು. ಮನೆ ದಾಖಲೆ ನಾನಿಲ್ಲದೆಯೂ ನಡೆಯಿತು. ರಿಪೇರಿಯಲ್ಲಿ ಇಬ್ಬರೂ ನೇರವಾಗಿ ಮಾತಾಡಿಕೊಂಡು ನನ್ನನ್ನು ಬಿಟ್ಟರು. ನಂಬರ್ ಗೊತ್ತಿರುವಾಗ ನಡುವೆ ಇನ್ನೊಬ್ಬರು ಯಾಕೆ? ಮನೆ ಹುಡುಕಿಸಿಕೊಡುವ ವ್ಯವಹಾರಕ್ಕೂ ಇದೇ ಗತಿ, ಒಮ್ಮೆ ಪರಿಚಯವಾದ ಮೇಲೆ ಮಧ್ಯವರ್ತಿಯ ಕೆಲಸ ಮುಗಿಯಿತು. ಹಾಗಾಗಿ ರಿಪೇರಿಯನ್ನು ನನ್ನ ಪಟ್ಟಿಯಿಂದ ತೆಗೆದೇ ಹಾಕಿದೆ.

ಪರೀಕ್ಷೆಯ ಹಂತದಲ್ಲಿ ಎರಡು ವಿಷಯ ಮುಟ್ಟಬಾರದು. ಒಂದು, ಅಡ್ವಾನ್ಸ್ ದುಡ್ಡನ್ನು ನಮ್ಮ ಖಾತೆಯಲ್ಲಿ ಇಟ್ಟುಕೊಳ್ಳುವುದು. ಬೇರೆಯವರ ಹಣ ಹಿಡಿದಿಡುವುದಕ್ಕೆ ಕಾನೂನಿನ ಕಟ್ಟುಪಾಡು ಇರುವ ದೇಶಗಳು ಬಹಳ; ಇಂಗ್ಲೆಂಡಿನಲ್ಲಿ 2007ರಿಂದ ಬಹುಪಾಲು ಖಾಸಗಿ ಬಾಡಿಗೆಗಳ ಠೇವಣಿಯನ್ನು ಸರ್ಕಾರ ಒಪ್ಪಿದ ಯೋಜನೆಗಳಲ್ಲೇ ರಕ್ಷಿಸಬೇಕು. ಎರಡು, ಗುರುತಿನ ಚೀಟಿಗಳ ಪ್ರತಿ ಸಂಗ್ರಹಿಸುವುದು. ಐಡಿಯಾ ನಡೆಯದೆ ಹೋದರೂ ಆ ಪ್ರತಿಗಳ ಹೊಣೆ ನಮ್ಮ ತಲೆಯ ಮೇಲೆ ಉಳಿಯುತ್ತದೆ.

ಇನ್ನೊಮ್ಮೆ ಮಾಡುವುದಾದರೆ ಸರ್ವೆ ಬಿಟ್ಟುಬಿಡುತ್ತೇನೆ. ಜೋಡಿ ಮಾತುಕತೆಗಳಿಂದ ಶುರು, ಅಲ್ಲಿಂದ ನೇರ ಕೈಯಾರೆ ಸೇವೆ, ಲ್ಯಾಂಡಿಂಗ್ ಪೇಜ್ ಕೊನೆಗೆ. ಯಾರಿಗೆ ಏನು ಹೇಳಬೇಕು ಎಂದು ತಿಳಿದ ಮೇಲೆ ಆ ಪುಟಕ್ಕೆ ಬೆಲೆ ಬರುತ್ತದೆ, ಅದೂ ಮಾಲೀಕರಿಗೆ ಮಾತ್ರ ಒಂದು ಪುಟ ಸಾಕು. ಕೈಯಾರೆ ನಡೆಸುವುದರಲ್ಲಿ ಉಳಿದಿರುವ ಕಷ್ಟ ಕಾಲದ್ದು. ಬರುವಾಗ ಮಾಡಿದ ದಾಖಲೆಯ ನಿಜವಾದ ಪರೀಕ್ಷೆ ಮನೆ ಬಿಡುವ ದಿನ, ಅದಕ್ಕೆ ವರ್ಷಗಟ್ಟಲೆ ಕಾಯಬೇಕು. ಅದಕ್ಕೇ ಈಗ ಖಾಲಿಯಾಗಲಿರುವ ಮನೆಗಳನ್ನೇ ಹುಡುಕಿ ಸೇರಿಸಿಕೊಳ್ಳುತ್ತಿದ್ದೇನೆ. ಹಳಬರು ಹೊರಡುವಾಗ ದಾಖಲೆ ಇಲ್ಲದೆ ಲೆಕ್ಕ ಹೇಗೆ ಕೆಡುತ್ತದೆ ಎಂದೂ ಕಾಣುತ್ತದೆ, ಅದೇ ಗೋಡೆಗಳ ಫೋಟೊದಿಂದ ಹೊಸಬರ ದಾಖಲೆಯೂ ಶುರುವಾಗುತ್ತದೆ.