ಬಾಗಿಲಿಗೆ ಹಿತ್ತಾಳೆ ಹಿಡಿ: ಬಣ್ಣ ನೋಡಿ ಕೊಳ್ಳಬೇಡಿ

ತಾಮ್ರ ಹೆಚ್ಚಿರುವ ಲೋಹ ರೋಗಾಣು ಕೊಲ್ಲುತ್ತದೆ ಎಂಬುದು ಬರಿಯ ಜಾಹೀರಾತಿನ ಮಾತಲ್ಲ. ತಾಮ್ರ ಕನಿಷ್ಠ ಶೇ 60ರಷ್ಟಿರುವ ಮಿಶ್ರಲೋಹಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಿಂದ ನೋಂದಾಯಿಸುತ್ತ ಬಂದಿದೆ. ಎರಡು ಗಂಟೆಯೊಳಗೆ ಶೇ 99.9ರಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ ಎಂದು ಹೇಳಿಕೊಳ್ಳಲು ಒಪ್ಪಿಗೆ ಕೊಟ್ಟಿತು. ಆದರೆ ಹಿಡಿಯನ್ನು ಆಗಾಗ ಒರೆಸುತ್ತಿರಬೇಕು, ಅದಕ್ಕೆ ಬಣ್ಣ, ಮೇಣ, ಲ್ಯಾಕರ್ (ಹೊಳಪು ಕಾಯುವ ಪಾರದರ್ಶಕ ಲೇಪ) ಏನೂ ಬಳಿದಿರಬಾರದು. ಮಾರಾಟಕ್ಕಿರುವ ಹೊಳೆಯುವ ಹಿಡಿಗಳಲ್ಲಿ ಬಹಳಷ್ಟು ಸೋಲುವುದು ಈ ಎರಡನೆಯ ಷರತ್ತಿನಲ್ಲೇ.

ಕಾರಣ ಸರಳ. ಲೋಹದಿಂದ ಹೊರಬರುವ ತಾಮ್ರದ ಅಯಾನುಗಳು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೆಡಿಸಿ, ಒಳಗಿನ ಡಿಎನ್‌ಎಯನ್ನೂ ಹಾಳುಮಾಡುತ್ತವೆ. ಅದಕ್ಕೆ ರೋಗಾಣು ಲೋಹಕ್ಕೇ ತಾಗಬೇಕು. ನಡುವೆ ಲ್ಯಾಕರ್ ಇದ್ದರೆ ನೀವು ಮುಟ್ಟುತ್ತಿರುವುದು ಪ್ಲಾಸ್ಟಿಕ್ಕಿನಂಥ ಪೊರೆಯನ್ನು. ಪಿವಿಡಿ ಫಿನಿಶ್‌ನ (ನಿರ್ವಾತದಲ್ಲಿ ಆವಿಯಾಗಿ ಕೂರಿಸಿದ ತೆಳು ಲೇಪದ) ಚಿನ್ನದ ಬಣ್ಣದಲ್ಲಿ ಸಾಮಾನ್ಯವಾಗಿ ತಾಮ್ರವೇ ಇರುವುದಿಲ್ಲ.

ನಮ್ಮ ಆಯ್ಕೆ ಲ್ಯಾಕರ್ ಇಲ್ಲದ, ಪೂರ್ತಿ ಹಿತ್ತಾಳೆಯ ಎರಕದ ಹಿಡಿ. ಅದರಲ್ಲಿ ತಾಮ್ರ ಶೇ 60ರಿಂದ 70, ಉಳಿದದ್ದು ಹೆಚ್ಚಾಗಿ ಸತು. ಸಿಲಿಕಾನ್ ಕಂಚಿನಲ್ಲಿ (ತಾಮ್ರಕ್ಕೆ ತುಸು ಸಿಲಿಕಾನ್ ಬೆರೆಸಿದ ಲೋಹ) ತಾಮ್ರ ಶೇ 90 ದಾಟುತ್ತದೆ, ಗುಣದಲ್ಲಿ ಇನ್ನೂ ಮೇಲು, ಬೆಲೆಯಲ್ಲೂ ಮೇಲು.

ಅಸಲಿಯೇ ಎಂದು ತಿಳಿಯಲು ಅಯಸ್ಕಾಂತ ಸಾಲದು. ಅಂಟಿದರೆ ಒಳಗೆ ಕಬ್ಬಿಣ ಎಂದು ಗೊತ್ತಾಗುತ್ತದೆ, ಆದರೆ ಹಿತ್ತಾಳೆ ಲೇಪಿಸಿದ ಸತುವಿನ ಎರಕಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಹಿಂಬದಿಯ ಸ್ಕ್ರೂ ತೂತಿನ ಅಂಚನ್ನು ಅರದಿಂದ ತುಸು ಉಜ್ಜಿ: ಒಳಗೂ ಹಳದಿ ಇದ್ದರೆ ಹಿತ್ತಾಳೆ, ಬಿಳಿಬೂದು ಕಂಡರೆ ಸತು. ಇನ್ನೂ ಅನುಮಾನವೇ? ಸ್ಪ್ರಿಂಗು, ಸ್ಕ್ರೂ ತೆಗೆದು ಗ್ರಾಂ ಲೆಕ್ಕದಲ್ಲಿ ತೂಗಿ, ನೀರಿನಲ್ಲಿ ಮುಳುಗಿಸಿ ಎಷ್ಟು ಮಿಲಿಲೀಟರ್ ಏರಿತು ನೋಡಿ. ತೂಕವನ್ನು ಅದರಿಂದ ಭಾಗಿಸಿದರೆ ಹಿತ್ತಾಳೆಗೆ 8.5ರ ಆಸುಪಾಸು, ಸತುವಿನ ಎರಕಕ್ಕೆ 6.7ರ ಆಸುಪಾಸು ಬರುತ್ತದೆ. ಒಳಗೆ ಗಾಳಿ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ.

ಲ್ಯಾಕರ್ ಇರುವ ಅಸಲಿ ಹಿತ್ತಾಳೆ ಸಿಕ್ಕರೂ ಚಿಂತೆಯಿಲ್ಲ. ಹಿಡಿಯನ್ನು ಬಾಗಿಲಿಂದ ಬಿಚ್ಚಿ, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರದಲ್ಲಿ, ಅಸಿಟೋನ್‌ನಲ್ಲಿ ನೆನೆಸಿದ ಬಟ್ಟೆಯಿಂದ ಉಜ್ಜಿ. ಒಲೆಯಲ್ಲಿ ಬೇಯಿಸಿ ಗಟ್ಟಿಮಾಡಿದ ಲೇಪನ ಇದಕ್ಕೆ ಜಗ್ಗದು, ಪೇಂಟ್ ರಿಮೂವರ್ ಬೇಕಾಗುತ್ತದೆ.

ಕೊರತೆಯೂ ಇದೆ: ಬರಿ ಹಿತ್ತಾಳೆ ಬೇಗ ಕಂದುತ್ತದೆ, ಬೆರಳಚ್ಚು ನಿಲ್ಲುತ್ತದೆ. ಕಂದಿದ ಮಾತ್ರಕ್ಕೆ ಗುಣ ಹೋಗದು, ಆದರೆ ಜಿಡ್ಡು ಕೂತರೆ ಕೆಲಸ ನಿಲ್ಲುತ್ತದೆ. ಸೌಮ್ಯ ಸೋಪಿನ ನೀರಿನಿಂದ ಒರೆಸಿ, ಒಣಗಿಸಿ. ಅಮೋನಿಯಾ ಇರುವ ಕ್ಲೀನರ್ ಬೇಡವೇ ಬೇಡ, ಒತ್ತಡದಲ್ಲಿರುವ ಹಿತ್ತಾಳೆ ಅದರಿಂದ ಬಿರುಕು ಬಿಡಬಹುದು. ಹೊಳಪು ಬೇಕೆಂದು ಮೇಣ ಹಚ್ಚಿದರೆ ಮತ್ತೆ ಲ್ಯಾಕರಿನ ಕಥೆಯೇ. ಮತ್ತೆ, ಎರಡು ಗಂಟೆ ಎಂದರೆ ತಕ್ಷಣವಲ್ಲ. ಕೈ ತೊಳೆಯುವುದನ್ನು ಬಿಡುವಂತಿಲ್ಲ.

ಕೂರಿಸುವಾಗ ಹಿತ್ತಾಳೆ ಸ್ಕ್ರೂ ಮೆತ್ತಗಿರುವುದು ನೆನಪಿರಲಿ. ಗಟ್ಟಿ ಮರಕ್ಕೆ ನೇರ ತಿರುಗಿಸಿದರೆ ತಲೆಯೇ ಮುರಿದುಬರುತ್ತದೆ. ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ಹಾಕಿ ತೆಗೆದು, ಆಮೇಲೆ ಹಿತ್ತಾಳೆಯದನ್ನು ಕೈಯಿಂದಲೇ ಬಿಗಿ ಮಾಡಿ.